ತಿಳಿಯಾದುದೆಲ್ಲ ಶುದ್ಧವಲ್ಲ



ಕಳೆದ ಸಂಚಿಕೆ ತಮ್ಮ ಕೈಸೇರಿದ ಕೆಲವೇ ದಿನಗಳಲ್ಲಿ ಹೆಗ್ಗನಹಳ್ಳಿಯ ಓದುಗ ತಾಯಿಯೊಬ್ಬರಿಂದ ಈ ಅಂಕಣಕಾರನಿಗೆ ಒಂದು ಪತ್ರ ಬಂದಿತು. ಅದರ ಸಾರವಿಷ್ಟು: "ಅಯ್ಯನವರೇ, ನಮ್ಮ ಮನೆಯ ಕೊಳವೆಬಾವಿಯ ನೀರು ಕನ್ನಡಿಯಂತೆ ತಿಳಿಯಾಗಿದೆ. ವಾಸನೆಯಿಲ್ಲ, ಬಣ್ಣವಿಲ್ಲ. ನಿತ್ಯವೂ ಅದೇ ನೀರಿನಿಂದ ಲಿಂಗಕ್ಕೆ ಮಜ್ಜನ ಮಾಡಿಸಿ ಪಾದೋದಕವನ್ನು ಮಕ್ಕಳಿಗೂ ಕೊಡುತ್ತೇವೆ. ಪಕ್ಕದ ಬೀದಿಯವರು ಈ ಭಾಗದ ನೀರಿನಲ್ಲಿ ಲೋಹ ಸೇರಿದೆ, ಕುಡಿಯಬೇಡಿ ಎನ್ನುತ್ತಾರೆ. ತಾವಾದರೋ ಹಿಂದೊಮ್ಮೆ, ಬಟ್ಟೆಯಲ್ಲಿ ಸೋಸಿ ಕುದಿಸಿ ಆರಿಸಿದ ನೀರು ಸರ್ವಥಾ ಶುದ್ಧವೆಂದು ಬರೆದಿದ್ದಿರಿ. ಯಾರ ಮಾತನ್ನು ನಂಬಲಿ?"

ಹೌದು, ಹಾಗೆ ಬರೆದವನು ನಾನೇ. ಪ್ರವಚನದ ವೇದಿಕೆಗಳಲ್ಲಿಯೂ ಹತ್ತಾರು ಬಾರಿ ಅದೇ ಮಾತನ್ನು ಹೇಳಿದ್ದೇನೆ. ಆದರೆ ಅಲ್ಲಿನ "ಸರ್ವಥಾ" ಎಂಬ ಪದ ತಪ್ಪು. ಹೇಳಿದವನೇ ಅದನ್ನು ಹಿಂದೆಗೆದುಕೊಳ್ಳುವುದು ಧರ್ಮ. ಈ ತಿಂಗಳ ಅಂಕಣವನ್ನು ಆ ತಿದ್ದುಪಡಿಗಾಗಿಯೇ ಮೀಸಲಿಡುತ್ತೇನೆ. ನಾನು ವಿಜ್ಞಾನಿಯಲ್ಲ, ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ವಚನಶಾಸ್ತ್ರವನ್ನೂ ಕಲಿತವನು. ಆದರೂ ಬಲ್ಲವರನ್ನು ಕೇಳಿ, ಓದಿ ಮನಗಂಡುದನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ, ಸೋಸುವುದರಿಂದಲೂ ಕುದಿಸುವುದರಿಂದಲೂ ಏನಾಗುತ್ತದೆಂಬುದನ್ನು ವಿಚಾರಿಸೋಣ. ಬಟ್ಟೆಯು ಕಸಕಡ್ಡಿಯನ್ನೂ ಮಣ್ಣಿನ ಕಣಗಳನ್ನೂ ತಡೆಯುತ್ತದೆ. ಕುದಿಯು ರೋಗಾಣುಗಳನ್ನು ಕೊಲ್ಲುತ್ತದೆ. ಕಾಲರಾ, ವಿಷಮಶೀತಜ್ವರಗಳಿಂದ ಅಸಂಖ್ಯಾತ ಜೀವಗಳನ್ನು ಉಳಿಸಿದ ವಿಧಾನಗಳಿವು, ಇಂದಿಗೂ ಬಿಡತಕ್ಕವಲ್ಲ. ಆದರೆ ನೀರಿನಲ್ಲಿ ಕರಗಿದ ಲೋಹವು ಬಟ್ಟೆಗೆ ಸಿಕ್ಕುವುದಿಲ್ಲ. ಅದು ಜೀವಿಯಲ್ಲವಾದ್ದರಿಂದ ಕುದಿಗೆ ಸಾಯುವುದೂ ಇಲ್ಲ. ಕುದಿದಷ್ಟೂ ನೀರು ಆವಿಯಾಗಿ ಹೋಗುತ್ತದೆ, ಲೋಹ ಪಾತ್ರೆಯಲ್ಲಿಯೇ ಉಳಿಯುತ್ತದೆ. ಅರ್ಧ ಆವಿಯಾಗುವವರೆಗೆ ಕುದಿಸಿದರೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇಮ್ಮಡಿಯಾಗುತ್ತದೆ. ಶುದ್ಧಿಗಾಗಿ ಮಾಡಿದ ಕ್ರಿಯೆಯೇ ಇಲ್ಲಿ ವಿಪರೀತಫಲ ಕೊಡುತ್ತದೆ.

ಇನ್ನು ಪ್ರಮಾಣದ ಮಾತು. ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿ ಹೊರಡಿಸಿದ ಕುಡಿಯುವ ನೀರಿನ ಮಾನದಂಡದಂತೆ ಒಂದು ಲೀಟರಿನಲ್ಲಿ ಕ್ರೋಮಿಯಂ 0.05 ಮಿಲಿಗ್ರಾಂ, ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು. ಈ ಅಂಕಿಗಳು ಮನಸ್ಸಿಗೆ ನಾಟುವುದು ಕಷ್ಟ. ಹೀಗೆ ಭಾವಿಸೋಣ: ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. ಮಹಡಿಯ ಮೇಲಿನ ಸಾವಿರ ಲೀಟರಿನ ತೊಟ್ಟಿಗೆ ಎರಡೂವರೆ ಅಕ್ಕಿಕಾಳಿನ ತೂಕದಷ್ಟು ಕ್ರೋಮಿಯಂ ಬಿದ್ದರೆ ಮಿತಿ ತುಂಬಿತು. ಸೀಸವಾದರೆ ಅರ್ಧ ಕಾಳು ಸಾಕು. ಇಷ್ಟು ಅಲ್ಪವನ್ನು ಕಣ್ಣು ಕಾಣದು, ನಾಲಗೆ ಅರಿಯದು. ಈಚೆಗೆ ಮನೆಮನೆಗೆ ಬಂದು ಟಿಡಿಎಸ್ ಮಾಪಕವನ್ನು ಅದ್ದಿ ತೋರಿಸುವವರಿದ್ದಾರಷ್ಟೆ. ಆ ಮಾಪಕವು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜಿಸುತ್ತದೆಯೇ ಹೊರತು, ಆ ನೂರಾರು ಮಿಲಿಗ್ರಾಂಗಳಲ್ಲಿ ವಿಷಲೋಹದ ಪಾಲೆಷ್ಟೆಂಬುದನ್ನು ತಿಳಿಸಲಾರದು.

ಲೋಹದ ಸ್ವಭಾವವನ್ನು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ನಮ್ಮ ಅಡುಗೆಮನೆಯೂ ಪೂಜಾಗೃಹವೂ ಬೇಕಾದಷ್ಟನ್ನು ಕಲಿಸುತ್ತವೆ. ನಾವು ಪಾಠಶಾಲೆಯಲ್ಲಿದ್ದಾಗ ತಾಮ್ರದ ಹಂಡೆ ಕೊಡಗಳನ್ನು ಹುಣಿಸೆಹಣ್ಣಿನಿಂದ ತಿಕ್ಕುವ ಸರದಿ ವಾರಕ್ಕೊಮ್ಮೆ ಬರುತ್ತಿತ್ತು. ನೀರಿಗೆ ಜಗ್ಗದ ಕಿಲುಬು ಹುಳಿ ತಾಗಿದೊಡನೆ ಕರಗಿ ಇಳಿಯುತ್ತಿತ್ತು. ಅಡುಗೆಯ ಹಿರಿಯರು ಮಜ್ಜಿಗೆಯನ್ನಾಗಲಿ ಸಾರನ್ನಾಗಲಿ ಬರಿಯ ತಾಮ್ರದ ಪಾತ್ರೆಯಲ್ಲಿ ಇಡಗೊಡುತ್ತಿರಲಿಲ್ಲ. ಇಡುವ ಪಾತ್ರೆಗೆ ಕಲಾಯಿ ಹಾಕಿಸಿರಲೇಬೇಕು. ಹುಳಿಯು ಲೋಹವನ್ನು ಕರಗಿಸಿ ಆಹಾರಕ್ಕೆ ಸೇರಿಸುತ್ತದೆಂಬ ರಸಾಯನಶಾಸ್ತ್ರದ ಮೊದಲ ಸೂತ್ರ ಅವರಿಗೆ ಅನುಭವದಿಂದಲೇ ತಿಳಿದಿತ್ತು. ಕೆರೆಹೊಳೆಗಳಲ್ಲಿಯೂ ಇದೇ ನಿಯಮ. ನೀರು ಆಮ್ಲೀಯವಾದಷ್ಟೂ ತಾಮ್ರ, ಸತು, ಕ್ಯಾಡ್ಮಿಯಂಗಳು ಮಣ್ಣನ್ನು ಬಿಟ್ಟು ನೀರಿಗಿಳಿಯುತ್ತವೆ.

ಎರಡನೆಯ ಪಾಠ ಬೆಳ್ಳಿಯದು. ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಕೆಲವು ತಿಂಗಳಲ್ಲಿ ಕಪ್ಪಡರುವುದನ್ನು ಎಲ್ಲರೂ ಕಂಡಿದ್ದೀರಿ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಗಂಧಕದ ಸಂಯುಕ್ತಗಳೊಡನೆ ಬೆಳ್ಳಿಯು ಕೂಡಿ ಸಿಲ್ವರ್ ಸಲ್ಫೈಡ್ ಆಗುವುದೇ ಆ ಕಪ್ಪು. ಅದು ನೀರಿನಲ್ಲಿ ಬಹುಮಟ್ಟಿಗೆ ಕರಗದು. ಲೋಹ ಅದೇ, ರೂಪ ಬೇರೆ. ರೂಪ ಬದಲಾದೊಡನೆ ನಡತೆಯೂ ಬದಲಾಯಿತು. ನೀರಿನಲ್ಲಿರುವ ಲೋಹದ ವಿಚಾರವೆಲ್ಲ ಈ ಒಂದು ಮಾತಿನ ಸುತ್ತ ಸುತ್ತುತ್ತದೆ. ಲೋಹವು ಹುಟ್ಟುವುದಿಲ್ಲ, ಅಳಿಯುವುದಿಲ್ಲ. ರೂಪವನ್ನೂ ನೆಲೆಯನ್ನೂ ಬದಲಿಸುತ್ತದೆ. ಅದು ಎಷ್ಟಿದೆಯೆಂಬುದರ ಜೊತೆಗೆ ಯಾವ ರೂಪದಲ್ಲಿದೆ, ಎಲ್ಲಿದೆ ಎಂಬುದೂ ಅಪಾಯವನ್ನು ನಿರ್ಣಯಿಸುತ್ತದೆ.

ಈಗ ನಮ್ಮ ಬಡಾವಣೆಗೆ ಬರೋಣ. ಸುಂಕದಕಟ್ಟೆ ಎಂಬ ಹೆಸರೇ ಸೂಚಿಸುವಂತೆ ಇದು ಮಾಗಡಿಯ ದಾರಿಯಲ್ಲಿ ಸರಕನ್ನು ತಡೆದು ಸುಂಕ ಪಡೆಯುತ್ತಿದ್ದ ನೆಲೆ. ಹನ್ನೆರಡನೆಯ ಶತಮಾನದ ಶರಣ ಸುಂಕದ ಬಂಕಣ್ಣನವರ ಕಾಯಕವೂ ಇದೇ. ನಮ್ಮ ಉತ್ತರಕ್ಕೆ 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶ. ಪೂರ್ವಕ್ಕೆ ಸಣ್ಣ ಕಾರ್ಖಾನೆಗಳಿಂದ ಕಿಕ್ಕಿರಿದ ಕಾಮಾಕ್ಷಿಪಾಳ್ಯ. ಯಂತ್ರಭಾಗಗಳಿಗೂ ನಲ್ಲಿಗಳಿಗೂ ಹೊಳಪು ಕೊಡುವ ಕ್ರೋಮ್, ನಿಕ್ಕಲ್, ಸತುವಿನ ಲೇಪನದ ಕೆಲಸ, ಎಂದರೆ ನಮ್ಮವರು ಪ್ಲೇಟಿಂಗ್ ಎನ್ನುವ ಕೆಲಸ, ಇಲ್ಲಿ ಅನೇಕ ಕುಟುಂಬಗಳ ಅನ್ನದ ಮೂಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವರದಿಗಳಲ್ಲಿ ದಾಖಲಿಸಿದೆ. ಆದುದರಿಂದ ಪತ್ರ ಬರೆದ ತಾಯಿಯ ನೆರೆಯವರ ಮಾತು ಬರಿಯ ಗಾಳಿಸುದ್ದಿಯಲ್ಲ.

ಕ್ರೋಮಿಯಂ ಎಂಬುದು ಎರಡು ವೇಷಗಳ ಲೋಹ. ಕ್ರೋಮಿಯಂ-3 ಎಂಬ ರೂಪದಲ್ಲಿ ಅದು ಜಡ. ಸಾಮಾನ್ಯ ನೀರಿನಲ್ಲಿ ಕರಗಲೊಲ್ಲದೆ ಮಣ್ಣಿಗಂಟಿ ಕೂರುತ್ತದೆ. ಕ್ರೋಮಿಯಂ-6 ಎಂಬ ರೂಪದಲ್ಲಿಯಾದರೋ ಅದು ಸುಲಭವಾಗಿ ಕರಗಿ ನೀರು ಹೋದಲ್ಲೆಲ್ಲ ಹೋಗುತ್ತದೆ. ಲೇಪನದ ತೊಟ್ಟಿಗಳಲ್ಲಿರುವುದು ಈ ಎರಡನೆಯದೇ. ಅದರ ಆವಿಹನಿಗಳನ್ನು ಉಸಿರಾಡುವ ಕೆಲಸಗಾರರಿಗೆ ಮೂಗಿನೊಳಗಿನ ಗೋಡೆ ತೂತಾಗುವುದುಂಟು, ಚರ್ಮದಲ್ಲಿ ಹುಣ್ಣಾಗುವುದುಂಟು, ಶ್ವಾಸಕೋಶದ ಕ್ಯಾನ್ಸರಿಗೂ ಅದು ಕಾರಣವೆಂದು ಸಿದ್ಧವಾಗಿದೆ. ನೀರಿನ ಮೂಲಕ ಹೊಟ್ಟೆ ಸೇರಿದಾಗ ಜಠರದ ರಸವು ಅದರ ಬಹುಭಾಗವನ್ನು ಜಡರೂಪಕ್ಕೆ ತಿರುಗಿಸುತ್ತದಾದರೂ ಅದಕ್ಕೊಂದು ಮಿತಿಯಿದೆ. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮವು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಚ್ಚು ಪ್ರಮಾಣದ ಕ್ರೋಮಿಯಂ-6 ಬೆರೆಸಿದ ನೀರು ಕುಡಿದ ಇಲಿಗಳಿಗೆ ಬಾಯಿಯಲ್ಲಿಯೂ ಕರುಳಿನಲ್ಲಿಯೂ ಗಂತಿಗಳಾದವು.

ಈ ಎರಡು ವೇಷಗಳ ಭೇದವನ್ನು ನಮ್ಮೂರಿನ ಹೆಸರೇ ವಿವರಿಸಬಲ್ಲುದು. ನೆಲದೊಳಗಿನ ಜೇಡಿಮಣ್ಣು ಒಂದು ಸುಂಕದಕಟ್ಟೆಯಿದ್ದಂತೆ. ಜೇಡಿಯ ಕಣಗಳ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಋಣವಿದ್ಯುತ್ತು ಇರುತ್ತದೆ. ಸೀಸ, ತಾಮ್ರ, ಕ್ಯಾಡ್ಮಿಯಂ, ಕ್ರೋಮಿಯಂ-3 ಇವು ಧನವಿದ್ಯುತ್ತಿನವಾದ್ದರಿಂದ ಆ ಕಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಕ್ರೋಮಿಯಂ-6 ನೀರಿನಲ್ಲಿ ಆಮ್ಲಜನಕವನ್ನು ಸುತ್ತಿಕೊಂಡು ಕ್ರೋಮೇಟ್ ಎಂಬ ಋಣವಿದ್ಯುತ್ತಿನ ರೂಪ ತಾಳುತ್ತದೆ. ಸುಂಕದವನ ಕಣ್ಣಿಗೆ ಬೀಳದೆ ನುಸುಳುವ ಸರಕಿನಂತೆ ಮಣ್ಣನ್ನು ದಾಟಿ ಕೆಳಗಿಳಿಯುತ್ತದೆ. ನಮ್ಮ ಭಾಗದ ಕೊಳವೆಬಾವಿಗಳು ನೀರು ಪಡೆಯುವುದು ಗಟ್ಟಿಕಲ್ಲಿನ ಬಿರುಕುಗಳಿಂದ. ಅಲ್ಲಿ ಅದನ್ನು ಜಡರೂಪಕ್ಕೆ ತಿರುಗಿಸಬಲ್ಲ ಕೊಳೆತ ಎಲೆಯಾಗಲಿ ಕೆಸರಾಗಲಿ ಹೆಚ್ಚಿರುವುದಿಲ್ಲ. ಆದಕಾರಣ ಅದು ವರ್ಷಗಟ್ಟಲೆ ಅದೇ ವೇಷದಲ್ಲಿ ಉಳಿಯಬಲ್ಲುದು. ಅದರ ಹಳದಿ ಬಣ್ಣವು ಕಣ್ಣಿಗೆ ಕಾಣುವುದು ಪ್ರಮಾಣವು ಮಿತಿಗಿಂತ ಹತ್ತಾರು ಪಟ್ಟು ಏರಿದ ಮೇಲೆಯೇ. ಅಷ್ಟರವರೆಗೂ ನೀರು ಕನ್ನಡಿಯಂತೆಯೇ ಇರುತ್ತದೆ.

ಇದಕ್ಕೆ ತದ್ವಿರುದ್ಧವಾದ ದೃಶ್ಯವನ್ನು ವೃಷಭಾವತಿಯಲ್ಲಿ ನೋಡಬಹುದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುವಳೆಂಬ ಪ್ರತೀತಿಯುಳ್ಳ ಈ ನದಿಗೆ ಪೀಣ್ಯದ ಕಡೆಯಿಂದ ಇಳಿದು ಸುಮನಹಳ್ಳಿಯ ಬಳಿ ಹರಿಯುವ ಕವಲೂ ಸೇರುತ್ತದೆ. ಮೈಸೂರು ರಸ್ತೆಯ ಗುಂಟ ಕೆಂಗೇರಿಯನ್ನು ದಾಟಿ ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಅದರ ನೀರು ಕಪ್ಪು, ದುರ್ವಾಸನೆ ಅಸಹ್ಯ. ಆದರೆ ಆ ಕೊಳೆಯಲ್ಲಿಯೇ ಒಂದು ವಿಚಿತ್ರವಡಗಿದೆ. ಆಮ್ಲಜನಕವಿಲ್ಲದ ಚರಂಡಿಯ ಕೆಸರಿನಲ್ಲಿ ಕ್ರೋಮಿಯಂ-6 ಬೇಗನೆ ಕ್ರೋಮಿಯಂ-3 ಆಗಿ ತಳಸೇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಸೂಸುವ ಗಂಧಕದ ಸಂಯುಕ್ತಗಳು ಸೀಸ, ತಾಮ್ರ, ಕ್ಯಾಡ್ಮಿಯಂಗಳನ್ನು ಹಿಡಿದು, ನಮ್ಮ ಕರಡಿಗೆಯ ಬೆಳ್ಳಿಯಂತೆ, ಕರಗದ ಸಲ್ಫೈಡುಗಳನ್ನಾಗಿಸುತ್ತವೆ. ಹೀಗೆ ನಾರುವ ಹೊಳೆಯ ಲೋಹವು ಬಹುಪಾಲು ಕೆಸರಿನಲ್ಲಿ ಸೆರೆಯಾಗಿರುತ್ತದೆ. ನಾರದ ಕೊಳವೆಬಾವಿಯ ಲೋಹವು ನೀರಿನಲ್ಲಿಯೇ ಸಂಚರಿಸುತ್ತದೆ. ಕಣ್ಣು ಮೂಗುಗಳ ತೀರ್ಪು ಇಲ್ಲಿ ಎಷ್ಟು ದಾರಿತಪ್ಪಿಸುತ್ತದೆಂಬುದನ್ನು ಗಮನಿಸಿರಿ.

ಹಾಗೆಂದು ಕೆಸರಿನ ಸೆರೆ ಶಾಶ್ವತವೆಂದು ನಂಬುವಂತಿಲ್ಲ. ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆದು ಆ ಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಪುರಾತನ ಪದ್ಧತಿ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರ ಪರಂಪರೆಯವರಾದ ನಮಗೆ ಕೆರೆಗೋಡೆಂದರೆ ಗೊಬ್ಬರವೇ ಸರಿ. ಆದರೆ ನಗರದ ಕೊಳಚೆ ತುಂಬಿದ ಕೆರೆಯ ಕಪ್ಪು ಗೋಡನ್ನು ಬಿಸಿಲುಗಾಳಿಗೆ ಹರಡಿದಾಗ, ಆಮ್ಲಜನಕವು ಸಲ್ಫೈಡಿನ ಬೀಗವನ್ನು ತೆಗೆಯುತ್ತದೆ. ಒಳಗಿನ ಲೋಹ ಮತ್ತೆ ಕರಗುವ ರೂಪಕ್ಕೆ ಬಂದು ಬೆಳೆಗೆ ಏರಬಲ್ಲುದು. ಎಲ್ಲ ಲೋಹಗಳೂ ಸಮನಾಗಿ ಏರುವುದಿಲ್ಲ. ಸೀಸವೂ ಕ್ರೋಮಿಯಂ-3 ಕೂಡ ಬಹುಮಟ್ಟಿಗೆ ಬೇರಿನಲ್ಲಿಯೇ ನಿಲ್ಲುತ್ತವೆ. ಕ್ಯಾಡ್ಮಿಯಂ ಸೊಪ್ಪಿನ ಎಲೆಗಳವರೆಗೂ ಸುಲಭವಾಗಿ ಸಾಗುತ್ತದೆ. ಬೈರಮಂಗಲದ ಕಾಲುವೆಗಳ ಕೆಳಗೆ ನಮ್ಮ ಬಂಧುಬಾಂಧವರ ಹೊಲಗಳಿವೆ, ಮೇವಿದೆ, ತರಕಾರಿಯಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ನದಿಯ ಮಾಲಿನ್ಯವನ್ನು ಅಧ್ಯಯನ ಮಾಡಿದ್ದಾರೆ.

ಇಂತಹ ಉಪೇಕ್ಷೆಯ ಫಲವನ್ನು ಜಪಾನ್ ದೇಶ ಕಹಿಯಾಗಿ ಉಂಡಿದೆ. ಅಲ್ಲಿನ ಜಿಂಜು ನದಿಗೆ ಕಾಮಿಯೋಕ ಗಣಿಯಿಂದ ಕ್ಯಾಡ್ಮಿಯಂ ಹರಿದುಬಂದು, ಆ ನೀರುಂಡ ಗದ್ದೆಗಳ ಅಕ್ಕಿಯ ಮೂಲಕ ಜನರ ದೇಹವನ್ನು ಸೇರಿತು. ಮೂತ್ರಪಿಂಡಗಳು ಕೆಟ್ಟು ಎಲುಬುಗಳು ಮೆತ್ತಗಾಗಿ ಮುರಿಯುತ್ತಿದ್ದವು. ಬಾಧೆಗೊಳಗಾದವರಲ್ಲಿ ಬಹುಮಂದಿ ಮಕ್ಕಳನ್ನು ಹೆತ್ತ ನಡುವಯಸ್ಸಿನ ತಾಯಂದಿರು. ನೋವಿನ ಉದ್ಗಾರವೇ ಆ ಕಾಯಿಲೆಗೆ ಹೆಸರಾಯಿತು: ಇತಾಯ್-ಇತಾಯ್. ಅದು ಮಾಲಿನ್ಯದಿಂದ ಬಂದ ರೋಗವೆಂದು ಸರಕಾರ ಒಪ್ಪಿದ್ದು 1968ರಲ್ಲಿ. ಅಷ್ಟರೊಳಗೆ ದಶಕಗಳೇ ಕಳೆದಿದ್ದವು.

ಈಚಿನ ವರ್ಷಗಳಲ್ಲಿ ಈ ವಿಚಾರಕ್ಕೆ ಇನ್ನೊಂದು ಹೊಸ ಅಧ್ಯಾಯ ಸೇರಿದೆ. ಅದು ನ್ಯಾನೊ ಕಣಗಳದು. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ಒಂದು ನ್ಯಾನೊಮೀಟರು. ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೊಮೀಟರು. ಈ ಕಣಗಳಾದರೋ 1ರಿಂದ 100 ನ್ಯಾನೊಮೀಟರಿನೊಳಗಿನವು. ಇಷ್ಟು ಸಣ್ಣದಾಗಿಸುವುದರಿಂದ ಏನು ಲಾಭವೆಂದು ಕೇಳಬಹುದು. ಒಂದು ಸೆಂಟಿಮೀಟರ್ ಅಳತೆಯ ಬೆಳ್ಳಿಯ ಘನವೊಂದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರು. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ತುಂಡರಿಸಿದರೆ ಮೇಲ್ಮೈಯ ಮೊತ್ತ 600 ಚದರ ಮೀಟರು, ಎಂದರೆ ನಮ್ಮ ಬಡಾವಣೆಯ ಮೂವತ್ತು-ನಲವತ್ತರ ಐದಕ್ಕೂ ಹೆಚ್ಚು ನಿವೇಶನಗಳಷ್ಟು. ಲೋಹವು ನೀರಿನೊಡನೆಯೂ ಜೀವಿಗಳೊಡನೆಯೂ ವ್ಯವಹರಿಸುವುದು ಮೇಲ್ಮೈಯ ಮೂಲಕವಾದ್ದರಿಂದ ಅದರ ಶಕ್ತಿ ಅಷ್ಟರಮಟ್ಟಿಗೆ ಹೆಚ್ಚುತ್ತದೆ.

ಈ ಶಕ್ತಿ ಉಪಕಾರಕ್ಕೂ ಬಂದಿದೆ. 2009ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಸ್ವಚ್ಛ್ ಎಂಬ ಅಗ್ಗದ ಶುದ್ಧೀಕಾರಕದಲ್ಲಿ ಭತ್ತದ ಹೊಟ್ಟಿನ ಬೂದಿಯೊಡನೆ ಬೆಳ್ಳಿಯ ನ್ಯಾನೊ ಕಣಗಳಿದ್ದವು. ವಿದ್ಯುತ್ತಿಲ್ಲದ ಮನೆಯಲ್ಲಿಯೂ ಅವು ರೋಗಾಣುಗಳನ್ನು ಕೊಲ್ಲಬಲ್ಲವು. ಮದರಾಸಿನ ಐಐಟಿಯ ಪ್ರಾಧ್ಯಾಪಕ ಟಿ. ಪ್ರದೀಪ್ ಅವರು ಇಂತಹ ಕಣಗಳಿಂದಲೇ ನೀರಿನ ವಿಷಗಳನ್ನು ತೆಗೆಯುವ ವಿಧಾನಗಳನ್ನು ರೂಪಿಸಿ 2020ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಆದರೆ ಬೆಳ್ಳಿಯ ನ್ಯಾನೊ ಕಣಗಳು ದುರ್ಗಂಧ ತಡೆಯುವ ಕಾಲುಚೀಲಗಳಲ್ಲಿಯೂ ಇವೆ. ಸತುವಿನ ಹಾಗೂ ಟೈಟಾನಿಯಂ ಆಕ್ಸೈಡಿನ ಕಣಗಳು ಬಿಸಿಲಿಗೆ ಹಚ್ಚುವ ಲೇಪಗಳಲ್ಲಿವೆ. ಒಗೆದ ನೀರಿನೊಡನೆ, ಸ್ನಾನದ ನೀರಿನೊಡನೆ ಅವು ಚರಂಡಿ ಸೇರುತ್ತವೆ.

ಸಿಹಿನೀರಿಗೆ ಬಂದ ಮೇಲೆ ಅವುಗಳ ಗತಿ ಒಂದೇ ಬಗೆಯದಲ್ಲ. ಸತುವಿನ ಆಕ್ಸೈಡು ಬೇಗ ಕರಗುತ್ತದೆ. ಟೈಟಾನಿಯಂ ಆಕ್ಸೈಡು ಕರಗುವುದೇ ಇಲ್ಲ. ಬೆಳ್ಳಿಯು ನಿಧಾನವಾಗಿ ಕರಗುತ್ತ ವಿಷಕಾರಿ ಅಯಾನುಗಳನ್ನು ಬಿಡುತ್ತದೆ. ಗಡಸುನೀರಿನ ಕ್ಯಾಲ್ಸಿಯಂ ಈ ಕಣಗಳನ್ನು ಒಂದಕ್ಕೊಂದು ಅಂಟಿಸಿ ಗುಂಪುಗೂಡಿಸುತ್ತದೆ, ಗುಂಪು ಭಾರವಾಗಿ ತಳಸೇರುತ್ತದೆ. ಕೊಳೆತ ಎಲೆಗಳ ಕಂದುರಸವು ಕಣಗಳಿಗೆ ಕವಚದಂತೆ ಮೆತ್ತಿಕೊಂಡು ಅವು ಬಹುಕಾಲ ತೇಲುವಂತೆ ಮಾಡುವುದೂ ಉಂಟು. ಕೊಳಚೆ ಶುದ್ಧೀಕರಣ ಘಟಕದಲ್ಲಿ ಬಹುಪಾಲು ಕಣಗಳು ಕೆಸರಿಗೆ ಸೇರುತ್ತವೆ, ಬೆಳ್ಳಿ ಸಲ್ಫೈಡಾಗಿ ತಣ್ಣಗಾಗುತ್ತದೆ. ಆ ಕೆಸರು ಮುಂದೆ ಯಾವ ಹೊಲಕ್ಕೆ ಹೋಗುತ್ತದೆಂಬುದೇ ಪ್ರಶ್ನೆ. ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ವಿಜ್ಞಾನಿಗಳು ಪ್ರಯೋಗಕ್ಕೆಂದೇ ಮೀಸಲಾದ ಒಂದು ಸರೋವರಕ್ಕೆ 2014 ಮತ್ತು 2015ರಲ್ಲಿ ಬೆಳ್ಳಿಯ ನ್ಯಾನೊ ಕಣಗಳನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ನೋಡಿದರು. ಮೀನುಗಳ ದೇಹದಲ್ಲಿ ಬೆಳ್ಳಿ ಕಂಡುಬಂದಿತು; ಹಳದಿ ಪರ್ಚ್ ಎಂಬ ಮೀನಿನ ಆಹಾರಸೇವನೆಯೂ ಸಂಖ್ಯೆಯೂ ಕುಗ್ಗಿದವು.

ಇಲ್ಲಿ ಒಂದು ಸಂದೇಹ ಸಹಜ: ಹಾಗಾದರೆ ನಮ್ಮ ಹಿರಿಯರ ತಾಮ್ರದ ತಂಬಿಗೆಯೂ ವರ್ಜ್ಯವೇ? ಅಲ್ಲ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಾಣು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಭೇದಿ ತರುವ ಬ್ಯಾಕ್ಟೀರಿಯಾಗಳು ನಾಶವಾದವು. ನೀರಿಗಿಳಿದ ತಾಮ್ರವು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಹತ್ತರಲ್ಲೊಂದು ಭಾಗಕ್ಕೂ ಕಡಿಮೆಯಿತ್ತು. ಮನುಷ್ಯನಿಗೆ ಅಲ್ಪ ತಾಮ್ರ ಅಗತ್ಯವೂ ಹೌದು. ಆದರೆ ಅಷ್ಟೇ ತಾಮ್ರ ಮೆದುನೀರಿನ ಕೆರೆಯಲ್ಲಿದ್ದರೆ ಮೀನಿನ ಕಿವಿರನ್ನು ಕೆಡಿಸಬಲ್ಲುದು. ಅದೇ ಲೋಹ, ಅದೇ ಪ್ರಮಾಣ. ನೆಲೆ ಬೇರೆಯಾದುದರಿಂದ ಫಲ ಬೇರೆ.

ಇಷ್ಟನ್ನೂ ಬರೆಯಲು ನನ್ನನ್ನು ಪ್ರೇರಿಸಿದುದು ಕೇವಲ ಆ ಪತ್ರವಲ್ಲ. ಕೆಲವು ತಿಂಗಳ ಹಿಂದೆ ಒಂದು ಸಂಜೆ ನಮ್ಮ ಸಮಾಜದವರೇ ಆದ ಗೃಹಸ್ಥರೊಬ್ಬರು ಮನೆಗೆ ಬಂದರು. ನಾಲ್ಕಾರು ಆಳುಗಳ ಸಣ್ಣ ಪ್ಲೇಟಿಂಗ್ ಕಾರ್ಖಾನೆ ಅವರದು. ನಿಷ್ಠಾವಂತರು, ದಾಸೋಹಕ್ಕೆ ತಪ್ಪದೆ ಕೊಡುವವರು. ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಅಯ್ಯನವರೇ, ಕಾಯಕವೇ ಕೈಲಾಸ ಎನ್ನುತ್ತೀರಿ. ತೊಟ್ಟಿಯ ಕೊನೆಯ ಹಳದಿ ನೀರನ್ನು ಮಳೆ ಬಂದ ರಾತ್ರಿ ಚರಂಡಿಗೆ ಬಿಡುತ್ತೇನೆ. ಎಲ್ಲರೂ ಬಿಡುತ್ತಾರೆ. ಶುದ್ಧೀಕರಣಕ್ಕೆ ಕಳುಹಿಸಿದರೆ ನನಗೆ ಉಳಿಯುವುದೇನೂ ಇಲ್ಲ. ಇದೂ ಕಾಯಕವೇ ಅಲ್ಲವೇ?"

ನಾನು ಉಪದೇಶಕ್ಕೆ ತೊಡಗಲಿಲ್ಲ. ಕಾಗದ ತೆಗೆದು ಇಬ್ಬರೂ ಲೆಕ್ಕ ಹಾಕಿದೆವು. ಅವರ ತೊಟ್ಟಿಯ ಒಂದು ಲೀಟರಿನಲ್ಲಿ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ; ಅದರೊಳಗೆ ಸುಮಾರು 130 ಗ್ರಾಂ ಕ್ರೋಮಿಯಂ. ಲೀಟರಿಗೆ 0.05 ಮಿಲಿಗ್ರಾಂ ಮಿತಿಯಂತೆ ಆ ಒಂದೇ ಲೀಟರು 26 ಲಕ್ಷ ಲೀಟರು ನೀರನ್ನು ಮಿತಿಯ ಅಂಚಿಗೆ ತರಬಲ್ಲುದು. ಆರು ಸಾವಿರ ಲೀಟರಿನ ಟ್ಯಾಂಕರುಗಳು ನಾನೂರಕ್ಕೂ ಹೆಚ್ಚು! 2024ರ ಬೇಸಿಗೆಯಲ್ಲಿ ಒಂದೊಂದು ಟ್ಯಾಂಕರಿಗಾಗಿ ನಮ್ಮ ಬೀದಿಯವರು ಹಗಲಿರುಳು ಕಾದುದನ್ನು ಅವರೂ ಕಂಡಿದ್ದರು. ಅಂಕಿಯನ್ನು ನೋಡಿ ಆ ಗೃಹಸ್ಥರು ಮಾತಾಡಲಿಲ್ಲ.

ಆಗ ನಾನೆಂದೆ: "ಅಪ್ಪಾ, ಲೇಪನದ ಕೆಲಸ ಕಾಯಕವೇ ಸರಿ. ಆದರೆ ಸುಂಕ ಕಟ್ಟದೆ ಸಾಗಿಸಿದ ಸರಕು ನ್ಯಾಯದ ಸರಕಲ್ಲ. ನೀವು ಕಟ್ಟದ ಸುಂಕವನ್ನು ಕೆಳಗಿನ ಬೀದಿಯ ಮಗು ಕಟ್ಟುತ್ತದೆ."

ದಾರಿಯಿಲ್ಲದೆ ಇಲ್ಲ. ಲೇಪಿಸಿದ ವಸ್ತುವನ್ನು ತೊಟ್ಟಿಯ ಮೇಲೆಯೇ ಕ್ಷಣಕಾಲ ಹಿಡಿದು ಹನಿಯಿಳಿಸಿದರೆ ಬೆಲೆಬಾಳುವ ರಸಾಯನವೂ ಉಳಿಯುತ್ತದೆ, ತೊಳೆದ ನೀರಿನ ವಿಷವೂ ಇಳಿಯುತ್ತದೆ. ಉಳಿದ ಹಳದಿ ನೀರನ್ನು ಆಮ್ಲೀಯವಾಗಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಸೇರಿಸಿದರೆ ಅದು ಹಸಿರಿಗೆ ತಿರುಗುತ್ತದೆ: ಕ್ರೋಮಿಯಂ-6 ಕ್ರೋಮಿಯಂ-3 ಆಯಿತೆಂಬುದರ ಕುರುಹು. ಬಳಿಕ ಸುಣ್ಣ ಹಾಕಿದರೆ ಲೋಹವೆಲ್ಲ ಕೆಸರಾಗಿ ತಳಸೇರುತ್ತದೆ. ಆ ಕೆಸರನ್ನು ಚರಂಡಿಗಾಗಲಿ ಖಾಲಿ ನಿವೇಶನಕ್ಕಾಗಲಿ ಚೆಲ್ಲದೆ, ದಾಬಸ್‌ಪೇಟೆಯ ಬಳಿ ಅಪಾಯಕಾರಿ ತ್ಯಾಜ್ಯಕ್ಕೆಂದೇ ಇರುವ ಸುಭದ್ರ ನೆಲೆಗೆ ಕಳುಹಿಸಬೇಕು. ಹೊರಬಿಡುವ ನೀರಿನಲ್ಲಿ ಕ್ರೋಮಿಯಂ-6 ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ. ಆ ಗೃಹಸ್ಥರು ಇಂದು ಹನಿಯಿಳಿಸುವ ತಟ್ಟೆಗಳನ್ನು ಹಾಕಿಸಿದ್ದಾರೆ; ನೆರೆಯ ಮೂವರೊಡನೆ ಖರ್ಚು ಹಂಚಿಕೊಂಡು ತ್ಯಾಜ್ಯಜಲವನ್ನು ಶುದ್ಧೀಕರಣಕ್ಕೆ ಕಳುಹಿಸುತ್ತಿದ್ದಾರೆ. ದರ ಏರಿಸಬೇಕಾಗಿ ಬಂದು ಒಬ್ಬ ಗಿರಾಕಿಯನ್ನು ಕಳೆದುಕೊಂಡರೆಂಬುದನ್ನೂ ಹೇಳಬೇಕು. ಧರ್ಮಮಾರ್ಗ ಪುಕ್ಕಟೆಯದಲ್ಲ. ಅಂಥವರಿಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟು ಕೆಲಸ ಕೊಡುವುದು ಸಮಾಜದ ಉಳಿದವರ ಕರ್ತವ್ಯ.

ಮೂಲದಲ್ಲಿಯೇ ತಡೆಯುವುದು ಫಲಿಸುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿಯಿದೆ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲು ನಿಂತಿತು. ನಗರಗಳ ಗಾಳಿಯಲ್ಲಿಯೂ ಮಕ್ಕಳ ರಕ್ತದಲ್ಲಿಯೂ ಸೀಸ ಇಳಿಯಿತು. ಚದುರಿದ ಮೇಲೆ ಆರಿಸುವುದಕ್ಕಿಂತ ಚದುರದಂತೆ ನೋಡಿಕೊಳ್ಳುವುದೇ ಸುಲಭ.

ಇನ್ನು ಗೃಹಿಣಿಯರ ಗಮನಕ್ಕೆ ಕೆಲವು ಮಾತು. ಪೀಣ್ಯ, ಹೆಗ್ಗನಹಳ್ಳಿ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳಲ್ಲಿ ಕೊಳವೆಬಾವಿಯ ನೀರನ್ನು ಕುಡಿಯುವವರು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಅದನ್ನೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಕ್ರೋಮಿಯಂ-6, ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಎಂದು ಹೆಸರಿಟ್ಟು ಕೇಳಿರಿ. ಕೇಳದಿದ್ದರೆ ಗಡಸುತನ, ಉಪ್ಪುಗಳಷ್ಟನ್ನೇ ನೋಡಿ ಕಳುಹಿಸುವುದುಂಟು. ನಾಲ್ಕು ಮನೆಗಳವರು ಕೂಡಿದರೆ ಖರ್ಚು ಹಗುರ. ಫಲಿತಾಂಶ ಬರುವವರೆಗೆ ಕುಡಿಯುವುದಕ್ಕೂ ಅಡುಗೆಗೂ ಕಾವೇರಿ ನೀರನ್ನೇ ಬಳಸಿರಿ. ಮೂಲ ತಿಳಿಯದ ಟ್ಯಾಂಕರ್ ನೀರೂ ಕೊಳವೆಬಾವಿಯದೇ ಎಂಬುದನ್ನು ಮರೆಯಬೇಡಿರಿ. ಅತಿನೇರಳೆ ದೀಪದ ಶುದ್ಧೀಕಾರಕವು ಲೋಹವನ್ನು ತೆಗೆಯದು. ಆರ್‌ಓ ಯಂತ್ರವು ಪರದೆ ಸುಸ್ಥಿತಿಯಲ್ಲಿದ್ದರೆ ಬಹುಭಾಗವನ್ನು ತೆಗೆಯುತ್ತದೆ, ಆದರೆ ತೆಗೆದ ಲೋಹವನ್ನು ತ್ಯಾಜ್ಯಜಲದೊಡನೆ ಮತ್ತೆ ಚರಂಡಿಗೇ ಬಿಡುತ್ತದೆ. ಹಳೆಯ ಬ್ಯಾಟರಿ, ಒಡೆದ ಥರ್ಮಾಮೀಟರುಗಳನ್ನು ಕಸದೊಡನೆ ಎಸೆಯದೆ ಪ್ರತ್ಯೇಕವಾಗಿ ಕೊಡಿರಿ. ಹಬ್ಬಕ್ಕೆ ಬಣ್ಣವಿಲ್ಲದ ಮಣ್ಣಿನ ಗೌರಿ-ಗಣಪತಿಯನ್ನೇ ತನ್ನಿರಿ. ಊರಿನಲ್ಲಿ ಹೊಲವಿರುವವರು ನಗರದ ಕೊಳಚೆ ಸೇರುವ ಕೆರೆಯ ಗೋಡನ್ನು ಪರೀಕ್ಷಿಸದೆ ಹೊಡೆಸಬೇಡಿರಿ.

ಹೆಗ್ಗನಹಳ್ಳಿಯ ತಾಯಿಗೆ ನನ್ನ ಉತ್ತರವಿಷ್ಟು: ತಾಯಿ, ತಮ್ಮ ನೆರೆಯವರ ಮಾತೇ ಎಚ್ಚರಿಕೆಯ ಮಾತು. ಮಜ್ಜನದ ನೀರನ್ನು ಕೈಯಲ್ಲಿ ಮುಟ್ಟಿದ ಮಾತ್ರಕ್ಕೆ ಭಯವಿಲ್ಲ. ಆದರೆ ಪಾದೋದಕವನ್ನು ಸೇವಿಸುತ್ತೇವೆ, ಎಳೆಯ ಮಕ್ಕಳಿಗೂ ಕೊಡುತ್ತೇವೆ. ಪರೀಕ್ಷೆಯಾಗುವವರೆಗೆ ಒಂದು ತಂಬಿಗೆ ಕಾವೇರಿ ನೀರನ್ನು ಪೂಜೆಗೆಂದು ತೆಗೆದಿಡಿರಿ. ಭಕ್ತಿಯಿಂದ ಎರೆದರೆ ಲೋಹ ಕರಗಿಹೋಗುವುದೆಂದು ಯಾವ ಶರಣರೂ ಹೇಳಿಲ್ಲ. ಅರಿವೇ ಗುರುವೆಂದು ತಿಳಿದವರು ಅವರು. ಮೊದಲೇ ಇದನ್ನು ತಿಳಿದು ಬರೆಯದಿದ್ದುದಕ್ಕೆ ತಮ್ಮ ಕ್ಷಮೆ ಕೋರುತ್ತೇನೆ.

ವೃಷಭವೆಂಬ ಸಂಸ್ಕೃತ ಪದವೇ ಕನ್ನಡದಲ್ಲಿ ಬಸವ ಎಂದಾಯಿತು. ನಮ್ಮ ಊರ ಮಗ್ಗುಲಲ್ಲಿ ಕಪ್ಪಾಗಿ ಹರಿಯುತ್ತಿರುವವಳು ಬಸವಣ್ಣನವರ ಹೆಸರು ಹೊತ್ತ ಹೊಳೆ. ಮುಂದಿನ ಬಾರಿ ಮೈಸೂರು ರಸ್ತೆಯಲ್ಲಿ ಹೋಗುವಾಗ ಮೂಗು ಮುಚ್ಚಿಕೊಳ್ಳುವ ಮುನ್ನ ಆ ಹೆಸರನ್ನೊಮ್ಮೆ ನೆನೆಯೋಣ. ನಮ್ಮ ಮನೆಯ, ನಮ್ಮ ಕಾರ್ಖಾನೆಯ ಚರಂಡಿಯಿಂದ ಅವಳಿಗೆ ಏನು ಸೇರುತ್ತಿದೆಯೆಂಬುದನ್ನು ವಿಚಾರಿಸಿಕೊಳ್ಳೋಣ.